ಅಡುಗೆಮನೆ ಕಟ್ಟೆಗೆ ಬಿಳಿ ಗ್ರಾನೈಟ್ ಹಾಕಿಸಬಹುದಾ? ಹುಣಸೆ, ಎಣ್ಣೆ, ಅರಿಶಿನ ಎಲ್ಲ ಬೀಳುವ ಮನೆ

ತುಮಕೂರು_ಹೊಸಮನೆ ಕೇಳಿದ್ದು:

ನಮಸ್ಕಾರ. ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರಿಂಗ್ ಮುಗಿದಿದೆ, ಮುಂದಿನ ತಿಂಗಳು ಅಡುಗೆಮನೆ ಕಟ್ಟೆ ಕೂರಿಸಬೇಕು. ಎಲ್ ಆಕಾರ. ಒಂದು ಕಡೆ 10 ಅಡಿ, ಇನ್ನೊಂದು ಕಡೆ 7 ಅಡಿ.

ಅಡುಗೆಮನೆಗೆ ಇರೋದು ಒಂದೇ ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ ಮುಖ ಮಾಡಿದೆ. ಹಗಲಲ್ಲೂ ಮಬ್ಬು. ಅದಕ್ಕೆ ನನ್ನ ಹೆಂಡತಿಗೆ ತಿಳಿ ಬಣ್ಣದ ಕಲ್ಲೇ ಬೇಕು. ಅಮ್ಮ ಒಪ್ಪುತ್ತಿಲ್ಲ. ಹಳೇ ಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ ಇತ್ತು. ಅದರ ತುಂಬ ಬಿಳಿ ಕಲೆ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಕಪ್ಪು ಕಲ್ಲಿನ ಗತಿಯೇ ಹೀಗೆ, ಇನ್ನು ಬಿಳಿಯದರ ಗತಿ ಏನು?" ಅಂತಾರೆ. ನಮ್ಮ ಮನೆಯಲ್ಲಿ ಸಾರು, ಗೊಜ್ಜು ದಿನಾ ಇರುತ್ತದೆ, ಉಪ್ಪಿನಕಾಯಿ ಮನೆಯಲ್ಲೇ ಹಾಕುತ್ತೇವೆ. ಹುಣಸೆ ರಸ, ನಿಂಬೆ ರಸ ಕಟ್ಟೆ ಮೇಲೆ ಬೀಳದ ದಿನವಿಲ್ಲ.

ಕಲ್ಲು ಮಾರುವ ಯಾರ್ಡ್‌ಗೆ ಹೋದರೆ ಹತ್ತಾರು ಹೆಸರು ಹೇಳುತ್ತಾರೆ. ಮೂನ್ ವೈಟ್, ಕಾಶ್ಮೀರ್ ವೈಟ್, ಸ್ಟೀಲ್ ಗ್ರೇ, ಬ್ಲ್ಯಾಕ್ ಗ್ಯಾಲಕ್ಸಿ. ಒಬ್ಬರು ಗ್ರಾನೈಟ್ ಬೇಡ, ಕ್ವಾರ್ಟ್ಜ್ ಹಾಕಿಸಿ ಅಂದರು. ಯಾವುದನ್ನು ನಂಬೋದು? ದಯವಿಟ್ಟು ಬಳಸಿ ನೋಡಿದವರು, ಈ ಕೆಲಸ ಗೊತ್ತಿದ್ದವರು ಹೇಳಿ.

ಶಿರಸಿ_ಅಡುಗೆಮನೆ:

ಮೊದಲು ನಿಮ್ಮ ಅಮ್ಮನ ಮಾತಿಗೆ ಉತ್ತರ. ಕಡಪ ಕಲ್ಲಿನ ಮೇಲಿನ ಆ ಬಿಳಿ ಗುರುತು ಕಲೆಯಲ್ಲ. ಅಲ್ಲಿ ಹುಳಿ ಕಲ್ಲನ್ನೇ ತಿಂದಿದೆ. ಕಡಪ ಸುಣ್ಣದ ಕಲ್ಲಿನ ಜಾತಿ. ನಿಂಬೆ, ಹುಣಸೆ, ಮೊಸರು ಯಾವುದು ತಾಕಿದರೂ ಮೇಲಿನ ಹೊಳಪು ಸವೆದು ಮಂಕಾಗುತ್ತದೆ. ನಮ್ಮ ಅತ್ತೆ ಹಬ್ಬಕ್ಕೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಕಡಪ ಕಟ್ಟೆ ಮೇಲೆ ಸಾಲಾಗಿ ಇಡುತ್ತಿದ್ದರು. ದೀಪದ ಬುಡ ಎಷ್ಟು ದುಂಡಗಿತ್ತೋ ಅಷ್ಟೇ ದುಂಡಗಿನ ಬೆಳ್ಳಗಿನ ಉಂಗುರಗಳು ಇವತ್ತಿಗೂ ಅಲ್ಲಿವೆ. ಶಹಾಬಾದ್ ಕಲ್ಲೂ ಹಾಗೇ, ಅಮೃತಶಿಲೆಯೂ ಹಾಗೇ. ನಿಜವಾದ ಗ್ರಾನೈಟ್‌ಗೆ ಈ ಕಾಟ ಇಲ್ಲ, ಕಪ್ಪಿರಲಿ ಬಿಳುಪಿರಲಿ.

ಹುಳಿಗೆ ಜಗ್ಗದ ಇನ್ನೊಂದು ಕಲ್ಲು ಬಳಪದ ಕಲ್ಲು. ನಮ್ಮ ಕಡೆ ಉಪ್ಪಿನಕಾಯಿ ಹಾಕಿಡಲು ಅದರ ಮರಿಗೆ, ಅಂದರೆ ಕಲ್ಲಿನ ಪಾತ್ರೆ, ಬಳಸುತ್ತಿದ್ದರು. ಹುಳಿ ಎಷ್ಟು ದಿನ ಇದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ತುಂಬಾ ಮೆದು. ಚಾಕು ತಾಕಿದರೂ ಗೀರು ಬೀಳುತ್ತದೆ, ಅದಕ್ಕೆ ದಿನಬಳಕೆಯ ಕಟ್ಟೆಗೆ ನಾನು ಹೇಳುವುದಿಲ್ಲ.

ಜಿಗಣಿ_ಕಲ್ಲುಕೆಲಸ:

ನಾನು ಜಿಗಣಿಯಲ್ಲಿ ಕಲ್ಲು ಕೊಯ್ದು, ಪಾಲಿಶ್ ಹಿಡಿದು, ಮನೆಗಳಿಗೆ ಕೂರಿಸುವ ಕೆಲಸದಲ್ಲಿದ್ದೇನೆ. ಶಿರಸಿಯವರು ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಹುಳಿಯ ಸಮಸ್ಯೆ ಬೇರೆ, ಎಣ್ಣೆಯ ಸಮಸ್ಯೆ ಬೇರೆ. ಬಿಳಿ ಗ್ರಾನೈಟ್ ಹುಳಿಗೆ ಹೆದರುವುದಿಲ್ಲ. ಆದರೆ ಎಣ್ಣೆ ಕುಡಿಯಬಹುದು. ನಿಮ್ಮ ಮನೆಗೆ ನೋಡಬೇಕಾದ್ದು ಅದನ್ನು.

ಹೆಸರು ನಂಬಿ ಕಲ್ಲು ಆರಿಸಬೇಡಿ. ಕಾಶ್ಮೀರ್ ವೈಟ್ ಕಾಶ್ಮೀರದ್ದಲ್ಲ, ತಮಿಳುನಾಡಿನ ಮಧುರೆ ಕಡೆಯದು. ಅದರಲ್ಲಿ ಕಾಣುವ ಕೆಂಗಂದು ಚುಕ್ಕೆ ಗಾರ್ನೆಟ್ ಎಂಬ ಖನಿಜ. ಅದರೊಳಗೆ ಕಬ್ಬಿಣದ ಅಂಶ ಇದೆ. ನೀರು ನಿಲ್ಲುವ ಜಾಗದಲ್ಲಿ ಚುಕ್ಕೆಯ ಸುತ್ತ ಹಳದಿ ಬಿಡಬಹುದು. ಒಂದೇ ಹೆಸರಿನ ಎರಡು ಲಾಟ್ (ಬೇರೆ ಬೇರೆ ಸಲ ಬಂದ ಮಾಲು) ತಂದರೆ ಒಂದು ನೀರು ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಹಾಗಾಗಿ ಯಾರಾದರೂ "ಮೂನ್ ವೈಟ್ ಒಳ್ಳೇದಾ?" ಅಂತ ಕೇಳಿದರೆ ನಾನು "ಯಾವ ಸ್ಲ್ಯಾಬ್?" ಅಂತಲೇ ಕೇಳುತ್ತೇನೆ.

ಕಪ್ಪು ಕಲ್ಲಿನ ವಿಷಯ ಬೇರೆ. ಚಾಮರಾಜನಗರದ ಕಪ್ಪು ಕಲ್ಲು ಇದೆಯಲ್ಲ, ಭೂವಿಜ್ಞಾನದವರು ಅದನ್ನು ಡಾಲರೈಟ್ ಅಂತಾರೆ. ಕಣ ತುಂಬಾ ಸಣ್ಣ, ಒತ್ತಾಗಿ ಕೂತಿರುತ್ತವೆ, ಎಣ್ಣೆ ಇಳಿಯಲು ಜಾಗವೇ ಇಲ್ಲ. ಸಮಾಧಿ ಕಲ್ಲಿಗೆ ಅಂತ ಹೊರದೇಶದವರೂ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಬ್ಲ್ಯಾಕ್ ಗ್ಯಾಲಕ್ಸಿ ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯದು. ಅದರ ಚಿನ್ನದ ಚುಕ್ಕೆ ಬ್ರಾಂಜೈಟ್ ಎಂಬ ಖನಿಜ. ಅದೂ ಗಟ್ಟಿ ಕಲ್ಲು. ನಮ್ಮ ಇಳಕಲ್ಲಿನ ಕೆಂಪು ಕಲ್ಲನ್ನು ಈಗ ಯಾರೂ ಅಡುಗೆಮನೆಗೆ ಕೇಳುವುದಿಲ್ಲ. ನನಗೆ ಅದು ಬೇಜಾರು. ಅಷ್ಟು ಚೆನ್ನಾಗಿ ಪಾಲಿಶ್ ಹಿಡಿಯುವ ಕಲ್ಲು ಕಡಿಮೆ, ಅರಿಶಿನ ಬಿದ್ದರೂ ಗೊತ್ತಾಗುವುದಿಲ್ಲ.

ಈಗ ನೀವು ಮಾಡಬೇಕಾದ್ದು. ನಿಮಗೆ ಇಷ್ಟವಾದ ಸ್ಲ್ಯಾಬ್ ಮುಂದೆ ನಿಂತು, ಅದೇ ಲಾಟಿನ ಚೂರು ಕೇಳಿ. ಕೊಯ್ದ ಅಂಚುಗಳು ಯಾರ್ಡ್‌ನಲ್ಲಿ ರಾಶಿ ಬಿದ್ದಿರುತ್ತವೆ, ಸುಮ್ನೆ ಕೊಡುತ್ತಾರೆ. ಕೊಡಲು ಹಿಂದೆಮುಂದೆ ನೋಡಿದರೆ ಆ ಯಾರ್ಡ್ ಬಿಟ್ಟುಬಿಡಿ. ಚೂರನ್ನು ಮನೆಗೆ ತಂದು ಸೋಪಿನಲ್ಲಿ ತೊಳೆದು ಒಣಗಿಸಿ. ಪಾಲಿಶ್ ಆದ ಬದಿಯ ಮೇಲೆ ಒಂದು ಕಡೆ ಒಂದು ಚಮಚ ನೀರು ಹಾಕಿ. ಐದು ನಿಮಿಷದಲ್ಲೇ ಕೆಳಗಿನ ಬಣ್ಣ ಗಾಢವಾದರೆ ಆ ಕಲ್ಲು ಬಾಯಾರಿದ ಕಲ್ಲು. ಅರ್ಧ ಗಂಟೆಯಾದರೂ ಹಾಗೇ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಇನ್ನೊಂದು ಕಡೆ ನಾಲ್ಕು ಹನಿ ಕಡಲೆಕಾಯಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಮತ್ತೊಂದು ಕಡೆ ನಿಂಬೆಹಣ್ಣು ಕತ್ತರಿಸಿ ಬೋರಲು ಹಾಕಿ. ಅರಿಶಿನವನ್ನು ಕಲಸಿ ಒಂದು ಬೊಟ್ಟು ಇಡಿ. ಬೆಳಿಗ್ಗೆ ಎಲ್ಲ ತೊಳೆದು, ಚೂರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೇರವಾಗಿ ನೋಡಿದರೆ ಗೊತ್ತಾಗುವುದಿಲ್ಲ, ಓರೆ ಬೆಳಕಿನಲ್ಲೇ ಮಂಕಾದ ಜಾಗ ಕಾಣೋದು. ನಿಂಬೆ ಇಟ್ಟ ಕಡೆ ಹೊಳಪು ಹೋಗಿದ್ದರೆ, ಅದು ಗ್ರಾನೈಟ್ ಅಂತ ಯಾರು ಹೇಳಿದರೂ ನಂಬಬೇಡಿ. ಅದರಲ್ಲಿ ಸುಣ್ಣದ ಅಂಶ ಇದೆ.

ಕಪ್ಪು ಕಲ್ಲು ತಗೊಳ್ಳುವುದಾದರೆ ಇನ್ನೊಂದು ಪರೀಕ್ಷೆ. ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಮಾಡಿ ಮಾರುವವರು ಇದ್ದಾರೆ. ಉಗುರು ಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಬಿಳಿ ಬಟ್ಟೆ ಅದ್ದಿ ಜೋರಾಗಿ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಕೈಮುಗಿದು ಬನ್ನಿ.

ಸ್ಲ್ಯಾಬ್ ಆರಿಸುವಾಗ ಅಂಚಿನ ದಪ್ಪ ಒಂದೇ ಕಡೆ ಅಳೆಯಬೇಡಿ, ನಾಲ್ಕೂ ಮೂಲೆಯಲ್ಲಿ ಅಳೆಯಿರಿ. 18 ಮಿ.ಮೀ. ಅಂತ ಹೇಳಿ ಒಂದು ತುದಿ 15ಕ್ಕೆ ಬಂದಿರುತ್ತದೆ. ಬೆರಳ ಗಿಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಬೊದ್ದಾಗುತ್ತದೆ. ಹಿಂಬದಿಯಲ್ಲಿ ಬಲೆ ಅಂಟಿಸಿದ್ದರೆ ಯಾಕೆ ಅಂಟಿಸಿದ್ದಾರೆ ಅಂತ ಕೇಳಿ. ಬಲೆ ಇದ್ದ ಮಾತ್ರಕ್ಕೆ ಕೆಟ್ಟ ಕಲ್ಲು ಅಂತಲ್ಲ, ಆದರೆ ಸಿಂಕ್ ಕೊಯ್ಯುವ ಜಾಗಕ್ಕೆ ಅಂಥ ಸ್ಲ್ಯಾಬ್ ನಾನು ಹಾಕುವುದಿಲ್ಲ. ಎಲ್ ಆಕಾರಕ್ಕೆ ನಿಮಗೆ ಎರಡು ತುಂಡು ಬೇಕೇ ಬೇಕು. ಎರಡೂ ಒಂದೇ ದಿಂಡಿನಿಂದ (ಕಲ್ಲಿನ ದೊಡ್ಡ ಬ್ಲಾಕ್) ಅಕ್ಕಪಕ್ಕ ಕೊಯ್ದವೇ ಆಗಿರಲಿ. ಸ್ಲ್ಯಾಬಿನ ಅಂಚಿನ ಮೇಲೆ ನಂಬರ್ ಬರೆದಿರುತ್ತಾರೆ, ಸಾಲಾಗಿ ಇರುವ ನಂಬರ್ ತಗೊಳ್ಳಿ. ಇಲ್ಲದಿದ್ದರೆ ಮೂಲೆಯಲ್ಲಿ ಬಣ್ಣ ಕೂಡುವುದಿಲ್ಲ.

ಇನ್ನು ಕೂರಿಸುವುದು. ಕಟ್ಟೆ ಒಡೆಯುವುದು ಹೆಚ್ಚಾಗಿ ಸಿಂಕ್ ಅಥವಾ ಒಲೆಗೆ ಕೊಯ್ದ ಚೌಕದ ಮೂಲೆಯಿಂದ. ಮೂಲೆಯನ್ನು ಮೊನಚಾಗಿ ಕೊಯ್ದರೆ ಎಲ್ಲ ಭಾರ ಆ ಒಂದು ಬಿಂದುವಿಗೆ ಬೀಳುತ್ತದೆ. ಮೊದಲು ನಾಲ್ಕು ಮೂಲೆಯಲ್ಲಿ ಡ್ರಿಲ್‌ನಿಂದ ದುಂಡಗೆ ತೂತು ಹೊಡೆದು, ಆಮೇಲೆ ತೂತಿನಿಂದ ತೂತಿಗೆ ಕೊಯ್ಯಲು ಹೇಳಿ. ಸಿಂಕ್ ಮುಂದೆ ಕನಿಷ್ಠ 3 ಇಂಚು ಕಲ್ಲು ಉಳಿಯಲಿ. ಜಾಯಿಂಟ್ ಯಾವ ಕಾರಣಕ್ಕೂ ಸಿಂಕ್ ಹತ್ತಿರ ಬರಬಾರದು.

ಬಿಳಿ ಕಲ್ಲು ಹಾಕಿಸುವವರಿಗೆ ಇದು ಮುಖ್ಯ. ನಮ್ಮ ಕಡೆ ಕೆಳಗೆ ಕಡಪ ಹಾಸಿ, ಮೇಲೆ ದಪ್ಪಗೆ ಸಿಮೆಂಟ್ ಗಾರೆ ಹಾಕಿ ಗ್ರಾನೈಟ್ ಕೂರಿಸುತ್ತಾರೆ. ತಿಳಿ ಬಣ್ಣದ ಕಲ್ಲಿಗೆ ಬೂದು ಸಿಮೆಂಟಿನ ತೇವ ಕೆಳಗಿನಿಂದ ಏರಿ ಮೋಡದ ಹಾಗೆ ಕಪ್ಪು ಛಾಯೆ ಬರುತ್ತದೆ. ಎಷ್ಟೋ ಜನ ಎಣ್ಣೆ ಕಲೆ ಅಂತ ಮೇಲಿನಿಂದ ತಿಕ್ಕುತ್ತಾರೆ. ಬಿಳಿ ಬಣ್ಣದ ಟೈಲ್ ಅಂಟು ಅಥವಾ ಬಿಳಿ ಸಿಮೆಂಟ್ ಬಳಸಲು ಮೇಸ್ತ್ರಿಗೆ ಮೊದಲೇ ಹೇಳಿ. ಅಂಟು ತರಿಸಿ ಕೈಗೆ ಕೊಡಿ. ಇಲ್ಲದಿದ್ದರೆ ಅಲ್ಲಿ ಉಳಿದಿರುವ ಗಾರೆಯನ್ನೇ ಹಾಕಿಬಿಡುತ್ತಾರೆ.

ಕಟ್ಟೆಯ ಮುಂಭಾಗ ಹೊರಗೆ ಚಾಚಿರುತ್ತದಲ್ಲ, ಅದರ ತಳದಲ್ಲಿ ಅಂಚಿಗೆ ಅರ್ಧ ಇಂಚು ಒಳಗೆ ಉದ್ದಕ್ಕೂ ಒಂದು ಗೆರೆ ಕೊಯ್ಯಿಸಿ. ಬ್ಲೇಡ್ ಒಂದು ಸಲ ಎಳೆದರೆ ಸಾಕು. ಚೆಲ್ಲಿದ ನೀರು ಅಂಚು ತಿರುಗಿ ಕೆಳಗೆ ಹರಿಯುತ್ತಾ ಬಂದು, ಆ ಗೆರೆ ದಾಟಲಾಗದೆ ನೆಲಕ್ಕೆ ಬೀಳುತ್ತದೆ. ಗೆರೆ ಇಲ್ಲದಿದ್ದರೆ ನೀರು ನೇರ ಕ್ಯಾಬಿನೆಟ್ ಬಾಗಿಲಿಗೆ ಹೋಗಿ ಪ್ಲೈವುಡ್ ಉಬ್ಬುತ್ತದೆ. ಹತ್ತು ನಿಮಿಷದ ಕೆಲಸ, ಕೇಳಿದರೆ ಮಾತ್ರ ಮಾಡುತ್ತಾರೆ.

ಎತ್ತರ 32 ಇಂಚೋ 34 ಇಂಚೋ ಅಂತ ಎಂಜಿನಿಯರ್ ಹೇಳಿದ್ದನ್ನು ಹಾಗೇ ಒಪ್ಪಬೇಡಿ. ಅಮ್ಮನನ್ನೂ ಹೆಂಡತಿಯನ್ನೂ ನಿಲ್ಲಿಸಿ, ಮೊಣಕೈ ಮಡಚಿ ಅಳತೆ ತಗೊಳ್ಳಿ. ಮೊಣಕೈಗಿಂತ 4ರಿಂದ 6 ಇಂಚು ಕೆಳಗೆ ಬಂದರೆ ಚಪಾತಿ ಲಟ್ಟಿಸುವಾಗ ಬೆನ್ನು ಬಾಗುವುದಿಲ್ಲ. ಇಬ್ಬರಲ್ಲಿ ಯಾರು ಜಾಸ್ತಿ ಹೊತ್ತು ನಿಲ್ಲುತ್ತಾರೋ ಅವರ ಅಳತೆ ಹಿಡಿಯಿರಿ.

ಕೊನೆಯದಾಗಿ ಒಂದು ಕೋರಿಕೆ. ಮನೆಯೊಳಗೆ ಕಲ್ಲು ಕೊಯ್ಯುವ ಹುಡುಗರಿಗೆ ನೀರು ಬಿಟ್ಟುಕೊಂಡೇ ಕೊಯ್ಯಲು ಹೇಳಿ. ಒಣಗಿದ್ದಂತೆ ಕೊಯ್ದರೆ ಬೇಗ ಆಗುತ್ತದೆ, ನೆಲವೂ ಒದ್ದೆಯಾಗುವುದಿಲ್ಲ. ಆದರೆ ಆ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಒಂದು ಪೈಪ್, ನಾಲ್ಕು ಒಳ್ಳೆಯ ಮಾಸ್ಕ್ ನೀವೇ ತರಿಸಿಕೊಟ್ಟರೆ ದೊಡ್ಡ ಖರ್ಚೇನಲ್ಲ. ನನ್ನ ಜೊತೆ ಕೆಲಸ ಕಲಿತವರಲ್ಲಿ ಇವತ್ತು ಎರಡು ಮೆಟ್ಟಿಲು ಹತ್ತಿ ನಿಲ್ಲುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಮೆಲ್ಬರ್ನ್_ಕನ್ನಡಿಗ:

ಜಿಗಣಿಯವರ ಕೊನೆಯ ಮಾತು ಓದಿ ಇದನ್ನು ಬರೆಯಲೇಬೇಕು ಅನ್ನಿಸಿತು. ಯಾರ್ಡ್‌ನವರು ಕ್ವಾರ್ಟ್ಜ್ ಅಂತ ಹೇಳಿದ್ದು ಬೆಟ್ಟದಿಂದ ಕೊಯ್ದು ತಂದ ಕಲ್ಲಲ್ಲ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ ಹಲಗೆ. ಅದರಲ್ಲಿ ಸಿಲಿಕಾ ಶೇ. 90ರ ಆಸುಪಾಸು ಇರಬಹುದು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಕೊಯ್ಯುತ್ತಿದ್ದ ಚಿಕ್ಕ ವಯಸ್ಸಿನವರಿಗೇ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಬಂತು. ಕೊನೆಗೆ 2024ರ ಜುಲೈ 1ರಿಂದ ಅದನ್ನು ತಯಾರಿಸುವುದು, ಮಾರುವುದು, ಕೂರಿಸುವುದು ಎಲ್ಲವನ್ನೂ ದೇಶದಾದ್ಯಂತ ನಿಲ್ಲಿಸಿದರು. ಗ್ರಾನೈಟ್, ಅಮೃತಶಿಲೆಗೆ ಆ ನಿಷೇಧ ಇಲ್ಲ, ಆದರೆ ಧೂಳಿನ ನಿಯಮ ಅವಕ್ಕೂ ಇದೆ.

ಬಳಕೆಯ ದೃಷ್ಟಿಯಿಂದಲೂ ನಮ್ಮ ಅಡುಗೆಗೆ ಅದು ಹೊಂದುವುದಿಲ್ಲ. ಎಣ್ಣೆ ಕುಡಿಯುವುದಿಲ್ಲ ಅನ್ನೋದು ನಿಜ. ಆದರೆ ಒಗ್ಗರಣೆ ಬಾಣಲೆ ಒಲೆಯಿಂದ ಇಳಿಸಿ ನೇರ ಅದರ ಮೇಲೆ ಇಟ್ಟರೆ ರಾಳ ಸುಟ್ಟು ಹಳದಿ ಗುರುತು ಕೂರುತ್ತದೆ. ಅದನ್ನು ತೆಗೆಯಲು ಆಗುವುದಿಲ್ಲ. ಗ್ರಾನೈಟ್ ಆ ಬಿಸಿ ತಡೆಯುತ್ತದೆ.

ತುಮಕೂರು_ಹೊಸಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಬಿಳಿ ಚೂರು, ಒಂದು ಸ್ಟೀಲ್ ಗ್ರೇ ಚೂರು ತಂದು ರಾತ್ರಿ ಇಟ್ಟು ನೋಡಿದೆವು. ಅಮ್ಮನೇ ಮುಂದೆ ನಿಂತು ಎಣ್ಣೆ ಬಿಟ್ಟರು, ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ ರಸವನ್ನೂ ಹಾಕಿದರು. ಮೊದಲ ಬಿಳಿ ಚೂರಿನಲ್ಲಿ ಎಣ್ಣೆ ಇದ್ದ ಕಡೆ ನಾಲ್ಕಾಣೆ ನಾಣ್ಯದಷ್ಟು ಕಪ್ಪು ಕಲೆ ಉಳಿಯಿತು. ಎರಡನೆಯದರಲ್ಲಿ ಎಣ್ಣೆ ಇಳಿದಿಲ್ಲ, ಅರಿಶಿನ ಮಾತ್ರ ತೆಳ್ಳಗೆ ಹಳದಿ ಬಿಟ್ಟಿದೆ. ಅಚ್ಚರಿ ಅಂದರೆ ಎರಡನ್ನೂ ಒಂದೇ ಹೆಸರು ಹೇಳಿ ಕೊಟ್ಟಿದ್ದರು. ಸ್ಟೀಲ್ ಗ್ರೇ ಮೇಲೆ ಏನೂ ಉಳಿದಿಲ್ಲ. ನಿಂಬೆ ಇಟ್ಟ ಕಡೆ ಮೂರೂ ಹೊಳೆಯುತ್ತಿವೆ. ಅಮ್ಮ ಈಗ ಸ್ವಲ್ಪ ಮೆತ್ತಗಾಗಿದ್ದಾರೆ.

ಇನ್ನೆರಡು ಪ್ರಶ್ನೆ. ಎರಡನೇ ಬಿಳಿ ಲಾಟ್ ತಗೊಂಡರೆ ಸೀಲರ್ (ಕಲ್ಲು ಎಣ್ಣೆ, ನೀರು ಹೀರದಂತೆ ಹಚ್ಚುವ ದ್ರಾವಣ) ಹಾಕಿಸಲೇಬೇಕಾ? ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ನಲ್ಲಿ ಸುತ್ತ ಬಿಳಿ ಪದರ ಕಟ್ಟುತ್ತದೆ. ಅದನ್ನು ಹೇಗೆ ನೋಡಿಕೊಳ್ಳೋದು?

ಜಿಗಣಿ_ಕಲ್ಲುಕೆಲಸ:

ಪರೀಕ್ಷೆ ಮಾಡಿದ್ದು ಬಹಳ ಒಳ್ಳೆಯದಾಯಿತು. ಎರಡನೇ ಲಾಟಿನ ಸ್ಲ್ಯಾಬ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ, ಮುಂಗಡ ಕೊಡುವಾಗ ಬಿಲ್ಲಿನಲ್ಲೂ ಆ ನಂಬರ್ ಬರೆಸಿ. ಲಾರಿ ಬಂದಾಗ ಅದೇ ನಂಬರ್ ಇದೆಯಾ ನೋಡಿ ಇಳಿಸಿಕೊಳ್ಳಿ.

ಸೀಲರ್ ಬೇಕು. ಮೇಲೆ ಪದರ ಕಟ್ಟುವ ವಾರ್ನಿಷ್ ಥರದ್ದು ಬೇಡ, ಕಲ್ಲಿನೊಳಗೆ ಇಳಿಯುವಂಥದ್ದೇ ಕೇಳಿ. ಕೂರಿಸಿದ ಮೇಲೆ ಕೆಳಗಿನ ತೇವ ಪೂರ್ತಿ ಆರಲಿ, ಆಮೇಲೆ ಹಚ್ಚಿಸಿ. ಅವಸರಕ್ಕೆ ಬಿದ್ದು ಒದ್ದೆ ಕಲ್ಲಿಗೆ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮೇಲೆ ಉಳಿದದ್ದನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟರೆ ಅಂಟಂಟಾಗುತ್ತದೆ. ಮತ್ತೆ ಯಾವಾಗ ಹಚ್ಚಬೇಕು ಅನ್ನೋದಕ್ಕೆ ಕ್ಯಾಲೆಂಡರ್ ಬೇಡ, ಅದೇ ಒಂದು ಚಮಚ ನೀರಿನ ಪರೀಕ್ಷೆ ಸಾಕು. ಸೀಲರ್ ಇದ್ದರೆ ಕಲೆ ಆಗುವುದೇ ಇಲ್ಲ ಅಂತ ತಿಳಿಯಬೇಡಿ. ಎಣ್ಣೆ ಇಳಿಯುವುದು ನಿಧಾನವಾಗುತ್ತದೆ, ಒರೆಸಲು ಸಮಯ ಸಿಗುತ್ತದೆ, ಅಷ್ಟೆ.

ಎಣ್ಣೆ ಇಳಿದೇ ಬಿಟ್ಟರೆ ಮೇಲೆ ತಿಕ್ಕಿ ಏನೂ ಆಗುವುದಿಲ್ಲ, ಹೊರಗೆ ಎಳೆಯಬೇಕು. ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಗಿಂತ ಸ್ವಲ್ಪ ಅಗಲಕ್ಕೆ, ಕಾಲು ಇಂಚು ದಪ್ಪಕ್ಕೆ ಮೆತ್ತಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ಹಾಳೆ ತೆಗೆದು, ಹಿಟ್ಟು ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಹಾಗೇ ಬಿಡಿ. ಒಣಗುವಾಗಲೇ ಅದು ಎಣ್ಣೆಯನ್ನು ಎಳೆದುಕೊಳ್ಳೋದು. ಹಳೇ ಕಲೆಯಾದರೆ ಮೂರ್ನಾಲ್ಕು ಸಲ ಮಾಡಬೇಕಾಗುತ್ತದೆ. ನಿಮ್ಮ ಮೊದಲ ಚೂರಿನ ಮೇಲೆ ಈಗಲೇ ಅಭ್ಯಾಸ ಮಾಡಿ ನೋಡಬಹುದು. ಅರಿಶಿನದ ಹಳದಿಗೆ ಹೆದರಬೇಡಿ, ಬಿಸಿಲಿಗೆ ಅದು ತಾನೇ ಮಾಸುತ್ತದೆ. ಎರಡನೇ ಚೂರನ್ನು ನಾಲ್ಕು ದಿನ ತಾರಸಿಯ ಮೇಲಿಡಿ, ಗೊತ್ತಾಗುತ್ತದೆ. ನಿಮ್ಮ ಕಟ್ಟೆಗೆ ಬಿಸಿಲು ಬೀಳುವುದಿಲ್ಲವಲ್ಲ, ಅಲ್ಲಿ ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಟ್ಟೆ ಅದ್ದಿ ಕಲೆ ಮೇಲೆ ಒಂದಷ್ಟು ಹೊತ್ತು ಇಡಬಹುದು. ತಿಳಿ ಬಣ್ಣದ ಕಲ್ಲಿಗೆ ಮಾತ್ರ, ಕಪ್ಪಿಗೆ ಬೇಡ.

ದಿನಾ ಒರೆಸಲು ಪಾತ್ರೆ ಸೋಪಿನ ಎರಡು ಹನಿ ಒಂದು ಬಟ್ಟಲು ನೀರಿಗೆ ಸಾಕು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಬಾರದು. ಗೃಹಪ್ರವೇಶದ ಹಿಂದಿನ ದಿನ ಸಿಮೆಂಟ್ ಕಲೆ ತೆಗೆಯುತ್ತೇವೆ ಅಂತ ಕ್ಲೀನಿಂಗ್‌ನವರು ಅದನ್ನೇ ಸುರಿಯುತ್ತಾರೆ, ಹತ್ತಿರವೇ ನಿಂತಿರಿ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಗ್ರಾನೈಟನ್ನೂ ತಿನ್ನುತ್ತದೆ, ಕೈಗೆ ತಾಕಿದರೆ ತುಂಬಾ ಅಪಾಯ. ಅದನ್ನು ಮನೆಗೇ ತರಬೇಡಿ.

ಗಡಸು ನೀರಿಗೆ ಸುಲಭದ ದಾರಿ ಒಂದೇ, ನಲ್ಲಿ ಬುಡ ಒದ್ದೆ ಇಟ್ಟು ಮಲಗಬೇಡಿ. ರಾತ್ರಿ ಪಾತ್ರೆ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿ. ಪದರ ಆಗಲೇ ಕಟ್ಟಿದ್ದರೆ ಹೊಸ ಬ್ಲೇಡನ್ನು ಕಲ್ಲಿಗೆ ಮಲಗಿಸಿದಂತೆ ಹಿಡಿದು, ಸೋಪು ನೀರು ಹಾಕಿಕೊಂಡು ನಿಧಾನವಾಗಿ ಕೆರೆಯಿರಿ. ಗ್ರಾನೈಟ್ ಉಕ್ಕಿಗಿಂತ ಗಟ್ಟಿ, ಗೀರು ಬೀಳುವುದಿಲ್ಲ, ಪದರ ಮಾತ್ರ ಹಕ್ಕಳೆಯಾಗಿ ಏಳುತ್ತದೆ. ಬ್ಲೇಡ್ ನೆಟ್ಟಗೆ ಹಿಡಿದರೆ ಅದರ ಕಬ್ಬಿಣ ಕಲ್ಲಿಗೆ ಬೂದು ಗೆರೆಯಾಗಿ ಹತ್ತುತ್ತದೆ, ಅದೊಂದು ಗಮನ ಇರಲಿ.

ತೆಂಗಿನಕಾಯಿ ಒಡೆಯಲು ಹಿತ್ತಲಲ್ಲೋ ತೊಳೆಯುವ ಜಾಗದಲ್ಲೋ ಬೇರೆ ಕಲ್ಲು ಇಟ್ಟುಕೊಳ್ಳಿ. ಕಟ್ಟೆಯ ನಡುಭಾಗ ತಡೆದೀತು, ಅಂಚು ತಡೆಯುವುದಿಲ್ಲ. ಅಂಚನ್ನು ಅರ್ಧ ದುಂಡಗೆ ಮಾಡಿಸಿದರೆ ಕುಕ್ಕರ್ ತಾಕಿದರೂ ಚಕ್ಕೆ ಏಳುವುದು ಕಡಿಮೆ. ಕೂರಿಸುವ ದಿನ ಗೊತ್ತಾದರೆ ಇಲ್ಲಿ ಹಾಕಿ. ಸಿಂಕ್ ಅಳತೆ ಮತ್ತು ಕಟ್ಟೆಯ ಅಗಲ ಬರೆಯಿರಿ, ಜಾಯಿಂಟ್ ಎಲ್ಲಿ ಬರಬೇಕು ಅಂತ ನಾನು ಚಿತ್ರ ಬರೆದು ಕೊಡುತ್ತೇನೆ.